ಮಿನೆಸೋಟ ಎಂಎನ್ಓ ಎಂಐಓ? ನನಗೆ ನೆನಪು ಉಳಿದದ್ದು ಬರ್ಗರ್‌ನಿಂದ

ಅಂಚೆ ವಿಳಾಸದಲ್ಲಿ ಬರೆಯುವ ಅಮೆರಿಕದ ರಾಜ್ಯಗಳ ಎರಡಕ್ಷರದ ಕೋಡ್ ನೆನಪಿಟ್ಟುಕೊಳ್ಳುವುದು ಹೇಗೆ, ಯಾವ ರಾಜ್ಯಕ್ಕೆ ಹೋದರೆ ಯಾವ ಅಂಗಡಿಯ ಬರ್ಗರ್ ತಿನ್ನಬೇಕು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಇವೆರಡಕ್ಕೂ ಉತ್ತರ ಒಂದೇ.

ಇಲ್ಲಿಗೆ ಬಂದ ಹೊಸದರಲ್ಲಿ ಮಿನೆಸೋಟದಲ್ಲಿದ್ದ ಗೆಳೆಯನ ಮಗಳಿಗೆ ಹುಟ್ಟುಹಬ್ಬದ ಫ್ರಾಕ್ ಕಳಿಸಿದ್ದೆ. ವಿಳಾಸದಲ್ಲಿ ಎಂಐ ಎಂದು ಬರೆದುಬಿಟ್ಟೆ. ಅದು ಮಿಷಿಗನ್ ಕೋಡ್. ಫ್ರಾಕ್ ಕೈಸೇರುವಾಗ ಹುಟ್ಟುಹಬ್ಬ ಕಳೆದು ಎರಡು ವಾರ ಆಗಿತ್ತು. ತುಂಬಾ ಬೇಜಾರಾಯಿತು. ಎಂ ಅಕ್ಷರದಿಂದ ಶುರುವಾಗುವ ರಾಜ್ಯಗಳೇ ಎಂಟಿವೆ. ಜಾಸ್ತಿ ತಪ್ಪಾಗುವುದು ಅಲ್ಲೇ.

ಮುಂದೆ ಅದೇ ಗೆಳೆಯ ಮಿನಿಯಾಪೊಲಿಸ್‌ನ ಮ್ಯಾಟ್ಸ್ ಬಾರ್‌ಗೆ ಕರೆದುಕೊಂಡು ಹೋದ. ಅಲ್ಲಿ 1954ರಿಂದ ಮಾಡುವ ಬರ್ಗರ್ ‘ಜ್ಯೂಸಿ ಲೂಸಿ’. ಇದರಲ್ಲಿ ಚೀಸ್ ಮೇಲಿರುವುದಿಲ್ಲ, ಒಳಗಿರುತ್ತದೆ. ಮಾಂಸದ ಎರಡು ತೆಳು ಬಿಲ್ಲೆಗಳ ನಡುವೆ ಚೀಸ್ ಇಟ್ಟು, ಕರ್ಜಿಕಾಯಿ ಅಂಚು ಒತ್ತುವ ಹಾಗೆ ಸುತ್ತಲೂ ಒತ್ತಿ ಬೇಯಿಸುತ್ತಾರೆ. ಸ್ವಲ್ಪ ಆರಲಿ ಎಂದರೂ ನಾನು ಕೇಳಲಿಲ್ಲ. ಕಚ್ಚಿದ ತಕ್ಷಣ ಕುದಿಯುವ ಚೀಸ್ ನಾಲಿಗೆ ಸುಟ್ಟು ಮಣಿಕಟ್ಟಿನವರೆಗೂ ಇಳಿಯಿತು. ನೀವು ಐದು ನಿಮಿಷ ಕಾಯಿರಿ, ದಯವಿಟ್ಟು.

ಅಲ್ಲಿನ ಮೆನುವಿನಲ್ಲಿ ‘ಜ್ಯೂಸಿ’ಯ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ. ಇರಬೇಕಾದ ಐ ಅಕ್ಷರವೇ ಇಲ್ಲ. ಮಿನೆಸೋಟದ ಕೋಡ್‌ನಲ್ಲೂ ಐ ಇಲ್ಲ, ಅದು ಎಂಎನ್. ಅವತ್ತಿನಿಂದ ನಾನು ಒಮ್ಮೆಯೂ ತಪ್ಪಿಲ್ಲ. ಮ್ಯಾಟ್ಸ್ ಬಾರ್ ಇರುವ ಸೀಡರ್ ಅವೆನ್ಯೂ ರಸ್ತೆಯಲ್ಲೇ 5-8 ಕ್ಲಬ್ ಅಂತ ಇನ್ನೊಂದು ಅಂಗಡಿ ಇದೆ. ಇದನ್ನು ಮೊದಲು ಮಾಡಿದ್ದು ನಾವೇ ಎಂದು ಅವರೂ ಹೇಳುತ್ತಾರೆ. ಆದರೆ ಅವರು ಐ ಹಾಕಿಯೇ ಬರೆಯುತ್ತಾರೆ, ಹಾಗಾಗಿ ಕೋಡ್ ಕಲಿಯಲು ಮ್ಯಾಟ್ಸ್ ಬಾರೇ ಸರಿ.

ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಲೂಯೀಸ್ ಲಂಚ್ ಇದೆ, 1895ರ ಅಂಗಡಿ. ಹ್ಯಾಂಬರ್ಗರ್ ಹುಟ್ಟಿದ್ದು 1900ರಲ್ಲಿ ತಮ್ಮಲ್ಲೇ ಎನ್ನುತ್ತಾರೆ. ವಿಸ್ಕಾನ್ಸಿನ್, ಟೆಕ್ಸಸ್‌ನ ಊರುಗಳದ್ದೂ ಇದೇ ಮಾತು, ಆ ಜಗಳ ಮುಗಿಯುವಂಥದ್ದಲ್ಲ. ಇಲ್ಲಿ ಬನ್ ಇಲ್ಲ, ಟೋಸ್ಟ್ ಮಾಡಿದ ಬ್ರೆಡ್. ಹಳೆಯ ಎರಕದ ಕಬ್ಬಿಣದ ಒಲೆಯಲ್ಲಿ ಮಾಂಸವನ್ನು ನೆಟ್ಟಗೆ ನಿಲ್ಲಿಸಿ ಸುಡುತ್ತಾರೆ. ಚೀಸ್, ಟೊಮೆಟೊ, ಈರುಳ್ಳಿ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಕೆಚಪ್ ಅಂತೂ ಕೇಳಲೇಬೇಡಿ. ಚೀಸ್‌ನ ಸಿ, ಟೋಸ್ಟ್‌ನ ಟಿ. ಕನೆಕ್ಟಿಕಟ್ ಕೋಡ್ ಸಿಟಿ.

ಓಕ್ಲಹೋಮ ಸುಲಭ, ಓಕೆ. ಆದರೂ ಎಲ್ ರೀನೋ ಎಂಬ ಊರನ್ನು ಬಿಡಬೇಡಿ. ಮಾಂಸ ದುಬಾರಿಯಾಗಿ ಈರುಳ್ಳಿ ಅಗ್ಗವಾಗಿದ್ದ ಕಷ್ಟಕಾಲದಲ್ಲಿ ಹುಟ್ಟಿದ ಬರ್ಗರ್ ಅಲ್ಲಿನದು. ಕಾವಲಿ ಮೇಲೆ ಮಾಂಸಕ್ಕೆ ರಾಶಿ ಈರುಳ್ಳಿ ಒತ್ತಿ ಮಗುಚುತ್ತಾರೆ. ಈರುಳ್ಳಿ ದೋಸೆಯಲ್ಲಿ ಕೆಂಪಗಾದ ಈರುಳ್ಳಿಯ ಘಮ ಇರುತ್ತದಲ್ವಾ, ಅದೇ ಘಮ ಬೀದಿಗೆಲ್ಲ ಬರುತ್ತದೆ. 1926ರ ರಾಬರ್ಟ್ಸ್ ಗ್ರಿಲ್, ಸಿಡ್ಸ್, ಎರಡೂ ಚೆನ್ನಾಗಿವೆ.

ಈ ಎರಡಕ್ಷರದ ಕೋಡ್ ಬಂದದ್ದು 1963ರಲ್ಲಿ, ನಮ್ಮ ಪಿನ್‌ಕೋಡ್ ತರಹದ ಜಿಪ್ ಕೋಡ್ ಜೊತೆಗೆ. ಊರು, ರಾಜ್ಯ, ಐದು ಅಂಕಿ ಎಲ್ಲವೂ ವಿಳಾಸ ಅಚ್ಚು ಹಾಕುವ ಯಂತ್ರದ ಒಂದೇ ಸಾಲಿನಲ್ಲಿ ಹಿಡಿಸಬೇಕಿತ್ತು. ಅದಕ್ಕೇ ಹೆಸರು ಇಷ್ಟು ಮೊಟಕು. ನೆಬ್ರಾಸ್ಕ ಮೊದಲು ಎನ್‌ಬಿ ಆಗಿತ್ತು. ಕೆನಡಾದ ನ್ಯೂ ಬ್ರನ್ಸ್‌ವಿಕ್ ಜೊತೆ ಗೊಂದಲ ಆಗುತ್ತದೆಂದು 1969ರಲ್ಲಿ ಎನ್‌ಇ ಮಾಡಿದರು.

ಒಂದು ಮಾತು, ಇವೆಲ್ಲ ದನದ ಮಾಂಸದ ಬರ್ಗರ್‌ಗಳು. ನನ್ನ ಹೆಂಡತಿ ತಿನ್ನುವುದಿಲ್ಲ. ಅವಳ ಜೊತೆ ಹೋದಾಗ ಕ್ಯಾಲಿಫೋರ್ನಿಯದಲ್ಲಿ ಇನ್-ಎನ್-ಔಟ್‌ನ ಗ್ರಿಲ್ಡ್ ಚೀಸ್, ನ್ಯೂಯಾರ್ಕ್‌ನಲ್ಲಿ ಶೇಕ್ ಶ್ಯಾಕ್‌ನ ಅಣಬೆ ಬರ್ಗರ್ ತಗೊಳ್ಳುತ್ತೇವೆ. ನಿಮ್ಮದು ಯಾವ ದಾರಿ ಹೇಳಿ, ಆ ಕಡೆಯ ಅಂಗಡಿ ಗೊತ್ತಿದ್ದರೆ ಬರೆಯುತ್ತೇನೆ.