ಸುಡಾನಿಗೆ ಅಕ್ಕಿ ಕಳಿಸಬಹುದಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಶಿವಮೊಗ್ಗ ಹತ್ತಿರದ ಹಕ್ಕಿಪಿಕ್ಕಿ ಕ್ಯಾಂಪಿನವರು. 2023ರಲ್ಲಿ ಯುದ್ಧ ಶುರುವಾದಾಗ ನಮ್ಮ ಮನೆಯವರು ಸುಡಾನಿನ ಅಲ್ ಫಾಶರ್‌ನಲ್ಲಿ ತಲೆಗೂದಲ ಎಣ್ಣೆ ಮಾರುತ್ತಿದ್ದರು. ಆಮೇಲೆ ಸರ್ಕಾರದವರು ಕರೆತಂದರು. ಬಾಡಿಗೆ ಮನೆಯ ಯಜಮಾನಮ್ಮ ಗುಂಡು ಹಾರುವಾಗ ಇವರನ್ನೆಲ್ಲ ಒಳಗೆ ಕೂರಿಸಿಕೊಂಡು ಊಟ ಹಾಕಿದ್ದರು. ಈಗ ಅವರೇ ಊರು ಬಿಟ್ಟು ತವಿಲಾ ಕಡೆ ಹೋಗಿದ್ದಾರಂತೆ, ಫೋನ್ ಹೋಗುತ್ತಿಲ್ಲ. ನಾವೆಲ್ಲ ಸೇರಿ ಅಕ್ಕಿ, ಬೇಳೆ, ಬಟ್ಟೆ ಕೂಡಿಸಿದ್ದೇವೆ. ಕಳಿಸುವುದು ಹೇಗೆ?
– ಹೆಸರು ಬೇಡ, ಶಿವಮೊಗ್ಗ ತಾಲ್ಲೂಕು

ಉತ್ತರ: ಮೊದಲೇ ಹೇಳಿಬಿಡುತ್ತೇನೆ ತಾಯಿ, ಮೂಟೆ ಕಟ್ಟಬೇಡಿ. ಅಲ್ಲಿ ಅಕ್ಕಿ ಬೇಡ ಅಂತಲ್ಲ. ದಾರಿ ಇಲ್ಲ.

ನಿಮ್ಮ ಮನೆಯವರು ವಾಪಸ್ ಬಂದ ದಾರಿ ಕೇಳಿ ನೋಡಿ. ಆಪರೇಷನ್ ಕಾವೇರಿಯಲ್ಲಿ ಜನರನ್ನು ಪೋರ್ಟ್ ಸುಡಾನ್‌ನಿಂದ ಜೆದ್ದಾಕ್ಕೆ, ಅಲ್ಲಿಂದ ಭಾರತಕ್ಕೆ ಕರೆತಂದರು. ಆ ಪೋರ್ಟ್ ಸುಡಾನ್ ಇರುವುದು ಪೂರ್ವದ ಕೆಂಪು ಸಮುದ್ರದ ದಂಡೆಯಲ್ಲಿ, ಅಲ್ ಫಾಶರ್ ಇರುವುದು ಪಶ್ಚಿಮದ ಡಾರ್ಫರ್‌ನಲ್ಲಿ. 2025ರ ಜೂನ್‌ನಲ್ಲಿ ವಿಶ್ವಸಂಸ್ಥೆಯ 15 ಲಾರಿಗಳು ಪೋರ್ಟ್ ಸುಡಾನ್‌ನಿಂದ ಹೊರಟು 1,800 ಕಿ.ಮೀ. ಮೇಲೆ ಬಂದವು. ಲಾರಿ ಬರುವ ವಿಷಯ ಕಾದಾಡುವ ಎರಡೂ ಕಡೆಯವರಿಗೆ, ಅಂದರೆ ಸುಡಾನ್ ಸೇನೆಗೂ ಅದರ ವಿರುದ್ಧ ನಿಂತ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ, ಮೊದಲೇ ತಿಳಿಸಿದ್ದರು. ಅಲ್ ಫಾಶರ್ ಇನ್ನು 80 ಕಿ.ಮೀ. ಇದೆ ಅನ್ನುವಾಗ, ಮುಂದೆ ಹೋಗಲು ಒಪ್ಪಿಗೆಗೆ ಕಾಯುತ್ತ ನಿಂತಿದ್ದ ಲಾರಿಗಳ ಮೇಲೆ ರಾತ್ರಿ ದಾಳಿಯಾಯಿತು. ಐವರು ಸತ್ತರು, ಸಾಮಾನು ಸುಟ್ಟುಹೋಯಿತು. ವಿಶ್ವಸಂಸ್ಥೆಯ ಬಾವುಟ ಕಟ್ಟಿಕೊಂಡ ಲಾರಿಗೇ ಹೀಗಾದರೆ ನಿಮ್ಮ ಮೂಟೆ ಯಾರ ಕೈ ಸೇರುತ್ತದೆ ಹೇಳಿ?

ಇನ್ನೊಂದು ದಾರಿ ಪಕ್ಕದ ಚಾಡ್ ದೇಶದಿಂದ, ಅದ್ರೆ ಅನ್ನುವ ಗಡಿಯ ಮೂಲಕ. ಅದನ್ನು ಸುಡಾನ್ ಸರ್ಕಾರ 2024ರ ಫೆಬ್ರವರಿಯಲ್ಲಿ ಮುಚ್ಚಿತು, ಆಗಸ್ಟ್‌ನಲ್ಲಿ ಮತ್ತೆ ತೆರೆಯಿತು, ಆದರೆ ಆಗಸ್ಟ್ ಅಂದರೆ ಅಲ್ಲಿ ಮಳೆಗಾಲ, ಬೇಸಿಗೆಯಲ್ಲಿ ಬರೀ ಮರಳಾಗಿರುವ ಹಳ್ಳಗಳು ತುಂಬಿ ಹರಿಯುವ ಹೊತ್ತು, ಸೇತುವೆಯೂ ಇಲ್ಲದ ಕಡೆ ಲಾರಿ ದಡದಲ್ಲೇ ನಿಲ್ಲಬೇಕು. ಗಡಿಯಲ್ಲಿ ಕಾಗದ ಸರಿ ಇದ್ದರೂ ಹಳ್ಳ ಬಿಡುವುದಿಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ!

ಅಲ್ ಫಾಶರ್ ಅನ್ನು ಆರ್‌ಎಸ್‌ಎಫ್ ಪಡೆ 2024ರಿಂದ ಸುತ್ತುಗಟ್ಟಿತ್ತು, 2025ರ ಅಕ್ಟೋಬರ್ 26ಕ್ಕೆ ವಶಪಡಿಸಿಕೊಂಡಿತು. ಆ ಮುತ್ತಿಗೆಯ ದಿನಗಳಲ್ಲಿ ಅಲ್ಲಿನವರು ಹೊಟ್ಟೆಗೆ ತಿಂದಿದ್ದು ಅಂಬಾಜ್. ಅಂದರೆ ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ನಾವು ದನಕ್ಕೆ ಕಲಸಿ ಇಡುತ್ತೇವಲ್ಲ, ಅದೇ. ಎಷ್ಟೋ ದಿನ ಅದೂ ಸಿಗಲಿಲ್ಲ.

ಇಷ್ಟರ ನಡುವೆ ಜನರಿಗೆ ಒಂದು ಹೊತ್ತಿನ ಗಂಜಿ ಕೊಟ್ಟವರು ಹೆಚ್ಚಾಗಿ ಆಯಾ ಕೇರಿಯ ಹುಡುಗರು, ಹೆಂಗಸರೇ. 'ತುರ್ತು ಸ್ಪಂದನ ಕೋಣೆ'ಗಳು ಅಂತ ಗುಂಪು ಕಟ್ಟಿಕೊಂಡು ಬೀದಿಯಲ್ಲೇ ಸಮುದಾಯದ ಅಡುಗೆಮನೆ ನಡೆಸುತ್ತಾರೆ. ಹೊರದೇಶದಲ್ಲಿರುವ ಸುಡಾನಿಗಳು ಬಂಕಕ್ ಅನ್ನುವ ಬ್ಯಾಂಕ್ ಆ್ಯಪ್‌ನಲ್ಲಿ ದುಡ್ಡು ಹಾಕುತ್ತಾರೆ, ಇವರು ಅಲ್ಲೇ ವ್ಯಾಪಾರಿಗಳಿಂದ ಜೋಳ ಕೊಳ್ಳುತ್ತಾರೆ. ಅಲ್ಲಿನವರ ಊಟ ಜೋಳ, ಅಕ್ಕಿಯಲ್ಲ. ಲಾರಿ ನಿಂತ ಕಡೆಯೂ ಫೋನಿನಲ್ಲಿ ದುಡ್ಡು ಹೋಗುತ್ತದೆ. ನನಗೆ ಕೇಳಿದರೆ ಇಡೀ ಯುದ್ಧದಲ್ಲಿ ಕೆಲಸ ಮಾಡಿದ ವ್ಯವಸ್ಥೆ ಅಂದರೆ ಇದೇ.

ಹಾಗಾಗಿ ಕೂಡಿಸಿದ್ದನ್ನು ಇಲ್ಲೇ ಮಾರಿ ದುಡ್ಡು ಮಾಡಿ. ಆ ಬಂಕಕ್ ಆ್ಯಪ್ ನಿಮ್ಮ ಹತ್ತಿರ ಇಲ್ಲವಲ್ಲ, ಅದಕ್ಕೇ ವಿಶ್ವ ಆಹಾರ ಕಾರ್ಯಕ್ರಮ, ಯುನಿಸೆಫ್, ರೆಡ್ ಕ್ರಾಸ್ ಇಂಥ ಈಗಾಗಲೇ ಅಲ್ಲಿರುವ ಸಂಸ್ಥೆಗೆ, ಅವರ ಸ್ವಂತ ವೆಬ್‌ಸೈಟಿನಿಂದಲೇ ಕೊಡಿ. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ಟರೆ ಸಾಮಾನ್ಯವಾಗಿ ದಾನದ ಮೇಲಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದೂ ಗೊತ್ತಿರಲಿ.

ಆ ಯಜಮಾನಮ್ಮನ ವಿಷಯ. ರೆಡ್ ಕ್ರಾಸ್‌ನವರು ಯುದ್ಧದಲ್ಲಿ ಮನೆಯವರಿಂದ ಬೇರ್ಪಟ್ಟವರನ್ನು ಹುಡುಕಲು ನೆರವಾಗುತ್ತಾರೆ, ಆದರೆ ಸಾಮಾನ್ಯವಾಗಿ ಬಂಧುಗಳು ಕೇಳಿದರೆ ಮಾತ್ರ. ಅವರ ಮಕ್ಕಳೋ ತಮ್ಮಂದಿರೋ ಬೇರೆ ದೇಶದಲ್ಲಿದ್ದು, ನಂಬರ್ ನಿಮ್ಮ ಮನೆಯವರ ಹತ್ತಿರ ಇದ್ದರೆ ಅವರಿಗೆ ಈ ದಾರಿ ತಿಳಿಸಿ. ದಯವಿಟ್ಟು ಆಕೆಯ ಫೋಟೊ, ಹೆಸರು ಫೇಸ್‌ಬುಕ್‌ಗೆ ಹಾಕಬೇಡಿ. ಯಾರು ಯಾರ ಕಡೆ ಅಂತ ನೋಡಿ ಕೊಲ್ಲುವ ಜಾಗ ಅದು. ನಮ್ಮ ಒಳ್ಳೆಯ ಮನಸ್ಸು ಆಕೆಗೆ ಮುಳುವಾಗಬಾರದು, ಅಲ್ವಾ?

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಮಣಿಪುರದ ಪರಿಹಾರ ಶಿಬಿರಗಳಿಗೆ ಹಳೆ ಸೀರೆ, ಹಲಸಿನ ಹಪ್ಪಳ, ಅಪ್ಪೆಮಿಡಿ ಕಳಿಸಬೇಕೆಂದಿದ್ದೇವೆ. ನಮ್ಮ ದೇಶವೇ ಅಲ್ವಾ, ಪಾರ್ಸೆಲ್ ಹೋಗುತ್ತದೆ ತಾನೇ?
– ತೀರ್ಥಹಳ್ಳಿ ಓದುಗರು

ಉತ್ತರ: ಎಲ್ಲಿಗೆ ಅನ್ನುವುದರ ಮೇಲೆ ಹೋಗುತ್ತದೆ. 2023ರ ಮೇ 3ಕ್ಕೆ ಗಲಾಟೆ ಶುರುವಾದ ಮೇಲೆ ಕಣಿವೆಯ ಮೈತೇಯಿಗಳು ಒಂದು ಕಡೆ, ಬೆಟ್ಟದ ಕುಕಿಗಳು ಒಂದು ಕಡೆ ಆಗಿ, ಸುಮಾರು 60,000 ಜನ ಮನೆ ಬಿಟ್ಟರು. ನಡುವೆ ಭದ್ರತಾ ಪಡೆಯವರ ಕಾವಲು. ಕಣಿವೆಯ ಇಂಫಾಲ್‌ಗೆ ಬಂದ ಸಾಮಾನು ಕುಕಿಗಳಿರುವ ಚುರಾಚಾಂದ್‌ಪುರಕ್ಕೆ ಹೋಗದೆ, ಅಲ್ಲಿಗೆ ಮಿಜೋರಾಂ ಕಡೆಯಿಂದ ಸುತ್ತಿ ತರಬೇಕಾಯಿತು. ಮೊದಲು ಒಂದು ಶಿಬಿರ ನಡೆಸುವವರಿಗೇ ಫೋನ್ ಮಾಡಿ ಏನು ಬೇಕು, ಯಾವ ದಾರಿಯಲ್ಲಿ ಅಂತ ಕೇಳಿ.

ಹಳೆ ಬಟ್ಟೆ ಖಂಡಿತ ಬೇಡ. 2004ರ ಸುನಾಮಿ ಆದಾಗ ತಮಿಳುನಾಡಿನ ರಸ್ತೆ ಬದಿಯಲ್ಲಿ ದಾನದ ಬಟ್ಟೆ ರಾಶಿ ರಾಶಿ ಬಿದ್ದಿತ್ತು, ಗೂಂಜ್ ಸಂಸ್ಥೆಯವರಿಗೆ ಅದನ್ನು ವಿಂಗಡಿಸುವುದೇ ದೊಡ್ಡ ಕೆಲಸವಾಯಿತು. ಹಪ್ಪಳ ಕರಿಯಲು ಎಣ್ಣೆ, ಬಾಣಲೆ, ಸೌದೆ ಬೇಕು, ಒಂದು ಶಾಲೆಯ ಕೋಣೆಯಲ್ಲಿ ನಾಲ್ಕೈದು ಸಂಸಾರ ಮಲಗುವ ಕಡೆ ಅದೆಲ್ಲ ಎಲ್ಲಿಂದ ಬರಬೇಕು? ಸ್ಯಾನಿಟರಿ ಪ್ಯಾಡ್, ಹೊಸ ಒಳಉಡುಪು, ಮಕ್ಕಳ ನೋಟ್‌ಬುಕ್ಕು ಕೇಳಿದರೆ ಅದನ್ನು ಕಳಿಸಿ. ಅಪ್ಪೆಮಿಡಿಗೆ ನಮ್ಮ ಆಫೀಸಿನ ವಿಳಾಸ ಒಳಪುಟದಲ್ಲಿದೆ.

ಪ್ರಶ್ನೆ: ರಸ್ತೆ ಇಲ್ಲದಿದ್ದರೆ ವಿಮಾನದಿಂದ ಊಟ ಎಸೆಯಬಹುದಲ್ಲ?
– ಪಿಯುಸಿ ವಿದ್ಯಾರ್ಥಿ, ಸಾಗರ

ಉತ್ತರ: ಎಸೆಯುತ್ತಾರೆ. ಬೇರೆ ಏನೂ ದಾರಿ ಇಲ್ಲದಾಗ ಮಾತ್ರ. ಖರ್ಚು ಲಾರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಒಂದು ಸಲಕ್ಕೆ ಹಿಡಿಯುವುದು ಸ್ವಲ್ಪವೇ. ಗಾಜಾದಲ್ಲಿ 2024ರ ಮಾರ್ಚ್ 8ರಂದು ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಪೆಟ್ಟಿಗೆ ಬಿದ್ದು, ಊಟಕ್ಕೆ ಕಾಯುತ್ತಿದ್ದವರೇ ಸತ್ತರು. ಇನ್ನೊಂದು, ಕೆಳಗೆ ಪಟ್ಟಿ ಹಿಡಿದು ಹಂಚುವವರು ಯಾರೂ ಇಲ್ಲದಿದ್ದರೆ ಓಡಬಲ್ಲ ಗಟ್ಟಿ ಹುಡುಗರಿಗೆ ಸಿಗುತ್ತದೆ, ಬಾಣಂತಿಗೆ ಸಿಗುವುದಿಲ್ಲ.