ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು: ಕುರಿಂಜಿ ಸಿಗುತ್ತದಾ?

ಮಕ್ಕಳು, ಅಮ್ಮನ ಜೊತೆ ಬೆಂಗಳೂರಿಂದ ಸೆಪ್ಟೆಂಬರ್‌ನಲ್ಲಿ ಮುಳ್ಳಯ್ಯನಗಿರಿಗೆ ಹೋದರೆ ಕುರಿಂಜಿ ಸಿಗುತ್ತದಾ ಅಂತ ಕೇಳಿದ್ದೀರಿ. ನೀಲಕುರಿಂಜಿ ಅರಳುವುದು 12 ವರ್ಷಕ್ಕೊಮ್ಮೆ. ಅಲ್ಲಿ 2022ರಲ್ಲಿ ಬೆಟ್ಟವೇ ನೇರಳೆಯಾಗಿತ್ತು. ಹಾಗಾಗಿ ಅದೇ ನೋಟಕ್ಕೆ 2034ರವರೆಗೆ ಕಾಯಬೇಕು.

ಆದರೂ ಖಂಡಿತ ಹೋಗಿ. ಮಳೆ ಇಳಿಯುವ ಆ ಹೊತ್ತಿಗೆ ರಸ್ತೆ ಬದಿಯ ಒದ್ದೆ ಧರೆಗಳಲ್ಲೇ ಗುಲಾಬಿ ಬಣ್ಣದ ಕರ್ಣಕುಂಡಲ ತುಂಬಿರುತ್ತದೆ. ಅದರ ಬಲಿತ ಕಾಯಿ ಮುಟ್ಟಿದ ತಕ್ಷಣ ಸಿಡಿದು ಬೀಜ ಚಿಮ್ಮುತ್ತದೆ. ನನ್ನ ಮಗಳು ಅದನ್ನು ಬಿಟ್ಟು ಬರಲೇ ಒಪ್ಪಲಿಲ್ಲ! ನೀರು ಜಿನುಗುವ ಬಂಡೆಗಳ ಮೇಲೆ ಬಗ್ಗಿ ನೋಡಿ, ಹುಳ ಹಿಡಿಯುವ ಪುಟಾಣಿ ನೀಲಿ ಹೂಗಿಡಗಳೂ ಇರುತ್ತವೆ. ಬೆಂಕಿಯ ನಾಲಿಗೆಯಂಥ ಗೌರಿ ಹೂವು ಕಂಡರೆ ಮಾತ್ರ ಮಕ್ಕಳು ಮುಟ್ಟದಿರಲಿ. ಅದರ ಗೆಡ್ಡೆ ಭಾರೀ ವಿಷ.

ಪ್ರಾಣಿಗಳನ್ನು ನೋಡಲು ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ತುದಿಗಿಂತ ಮುತ್ತೋಡಿ ಕಾಡೇ ವಾಸಿ. ಕಾಟಿ (ಕಾಡುಕೋಣ), ಜಿಂಕೆ ಕಾಣುವ ಸಾಧ್ಯತೆ ಜಾಸ್ತಿ. ತಲೆ ಎತ್ತಿ ಮರ ನೋಡುತ್ತಿರಿ, ಉದ್ದ ಬಾಲದ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಹುಲಿಯ ಆಸೆ ಮಕ್ಕಳಿಗೆ ಹುಟ್ಟಿಸಬೇಡಿ.

ಮುಳ್ಳಯ್ಯನಗಿರಿಯಲ್ಲಿ ಕೊನೆಗೆ ಮೆಟ್ಟಿಲು ಹತ್ತಬೇಕು. ಅಮ್ಮನಿಗೆ ಮಂಡಿ ನೋವಿದ್ದರೆ ಕೆಳಗೇ ಕೂರಲಿ, ಹೂಗಳು ಅಲ್ಲೂ ಇವೆ. ರಕ್ತ ಹೀರುವ ಇಂಬಳಕ್ಕೆ (ಜಿಗಣೆಗೆ) ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.