ನಿಮ್ಮ ಲೇಖನ ಮೂರನೇ ಪುಟದಿಂದ ಶುರುವಾಗತ್ತೆ

ನಮಸ್ಕಾರ,

ನೀವು ಕಳಿಸಿದ ಲೇಖನ ಎರಡು ಸಲ ಓದ್ದೆ. ಏಳನೇ ಕ್ಲಾಸಲ್ಲಿ ಗೈಡ್ಸ್ (ಸ್ಕೌಟ್ಸ್ ಥರದ ಹುಡುಗೀರ ಸಂಸ್ಥೆ) ಸೇರಿದ್ದು, ಆಗಸ್ಟ್ 15ಕ್ಕೆ ಅಂತ ಮಾರ್ಚ್‌ಪಾಸ್ಟ್ ಕಲಿತಿದ್ದು, ಆಮೇಲೆ ಪ್ರತಿಜ್ಞೆ ತಗೊಂಡು ಸ್ಕಾರ್ಫ್ ಹಾಕಿಸ್ಕೊಂಡಿದ್ದು, ಇಷ್ಟನ್ನ ಆರು ಪುಟ ಬರ್ದಿದೀರ. ನೇರವಾಗಿ ಹೇಳ್ಬಿಡ್ತೀನಿ, ಈಗ ಇರೋ ಹಾಗೆ ಇದನ್ನ ಅಚ್ಚಿಗೆ ಹಾಕೋಕಾಗಲ್ಲ. ಆದ್ರೆ ಎರಡು ಸಾಲು ಬರ್ದು ವಾಪಸ್ ಕಳಿಸೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಇದ್ರೊಳಗೆ ಒಂದು ಒಳ್ಳೆ ಬರಹ ಇದೆ, ಅದ್ರ ಮೇಲೆ ನೀವು ಭಾಷಣ ಹೇರಿ ಮುಚ್ಚಿಟ್ಟಿದೀರ.

ಮೊದಲ ಎರಡು ಪುಟ ತೆಗೀರಿ. "ಶಿಸ್ತು" ಅನ್ನೋ ಪದ ಅಲ್ಲಿ ಹನ್ನೊಂದು ಸಲ ಬಂದಿದೆ, ಎಣಿಸಿ ನೋಡ್ದೆ. ಅಷ್ಟು ಸಲ ಬಂದ್ರೂ ಬಿಸಿಲಲ್ಲಿ ನಿಂತಿರೋ ಒಬ್ಬ ಹುಡುಗಿ ಕಣ್ಣಿಗೆ ಕಾಣಲ್ಲ. ಮೂರನೇ ಪುಟಕ್ಕೆ ಬಂದ್ಮೇಲೆ ಕಾಣ್ತಾಳೆ. ಒಂದು ಸೈಜ್ ದೊಡ್ಡದಾಗಿದ್ದ ಕ್ಯಾನ್ವಾಸ್ ಶೂ, ಮುಂದುಗಡೆ ಪೇಪರ್ ತುರುಕಿದ್ದು, ಪಾಲಿಶ್ ಇಲ್ದೆ ಚಾಕ್‌ಪೀಸ್ ಉಜ್ಜಿ ಬೆಳ್ಳಗೆ ಮಾಡಿದ್ದು, ಕಾಲು ಬಡಿದಾಗೆಲ್ಲ ಬಿಳಿ ಪುಡಿ ಏಳ್ತಿತ್ತು ಅಂತ ಬರ್ದಿದೀರಲ್ಲ, ಅಲ್ಲಿ ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನೂ ಗೈಡ್ ಆಗಿದ್ದೋಳೇ, ಆ ಪುಡಿ ಮೂಗಿಗೆ ಹೋಗೋದು ನಂಗೊತ್ತು. ಬಲಗಾಲಿನ ಜೊತೆ ಬಲಗೈನೇ ಹೋಗ್ತಿತ್ತು, ಹಿಂದಿದ್ದ ಪ್ಯಾಟ್ರೋಲ್ ಲೀಡರ್ (ಗುಂಪಿನ ನಾಯಕಿ) "ಎಡ, ಎಡ" ಅಂತ ಪಿಸುಗುಡ್ತಾ ಬರ್ತಿದ್ಲು ಅನ್ನೋ ಜಾಗಾನೂ ಹಾಗೇ ಇದೆ, ಅದ್ರಲ್ಲಿ ಒಂದು ಅಕ್ಷರಾನೂ ಮುಟ್ಟಬೇಡಿ. ಶಿಸ್ತು ಅಂದ್ರೇನು ಅಂತ ಓದೋರಿಗೆ ಅದೇ ಹೇಳತ್ತೆ.

ಇನ್ನು ತಪ್ಪುಗಳು. ಗೈಡ್ಸ್ 1907ರಲ್ಲಿ ಶುರುವಾಯ್ತು ಅಂದಿದೀರ. 1907ರದ್ದು ಸ್ಕೌಟ್ಸ್ ಶುರುಮಾಡಿದ ಬೇಡನ್ ಪೊವೆಲ್ ಅವ್ರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರಿಗೆ ಮಾಡಿದ ಕ್ಯಾಂಪು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಲ್ಲಿ ನಡೆದ ಸ್ಕೌಟ್ ರ್‍ಯಾಲಿಗೆ ಹುಡುಗೀರು ತಾವಾಗೇ ಹೋಗಿ ನಿಂತು ನಮ್ಮನ್ನೂ ಸೇರಿಸ್ಕೊಳ್ಳಿ ಅಂದ್ರು, ಅದಾದ್ಮೇಲೆ 1910ಕ್ಕೆ ಗೈಡ್ಸ್ ಆಗಿದ್ದು, ಮೊದಲು ನಡೆಸಿದ್ದು ಬೇಡನ್ ಪೊವೆಲ್ ಅವ್ರ ತಂಗಿ ಆಗ್ನೆಸ್. ಮಾರನೇ ವರ್ಷಾನೇ ನಮ್ಮ ದೇಶಕ್ಕೆ, ಜಬಲ್ಪುರಕ್ಕೆ ಬಂತು. ಇತಿಹಾಸ ಬೇಕೇಬೇಕು ಅಂತಿದ್ರೆ ಒಂದೇ ಸಾಲು ಸಾಕು: ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಗೆ ಹುಡುಗಿಯರ ಗೈಡ್ಸ್ ಸಂಸ್ಥೆ ಬಂದು ಸೇರಿದ್ದು 1951ರ ಆಗಸ್ಟ್ 15ಕ್ಕೆ. ನೀವು ಮಾರ್ಚ್ ಮಾಡಿದ್ದೂ ಆಗಸ್ಟ್ 15ಕ್ಕೇ ಅಲ್ವಾ, ಅಲ್ಲಿ ಸೇರಿಸಿ.

ಐದೂ ಬೆರಳು ಚಾಚಿ ಸೆಲ್ಯೂಟ್ ಮಾಡಿದೆ ಅಂತ ಬರ್ದಿದೀರ, ಅದು ಎನ್‌ಸಿಸಿ ಸೆಲ್ಯೂಟು. ಗೈಡ್ ಸೆಲ್ಯೂಟಿಗೆ ಮೂರು ಬೆರಳು, ಕಿರುಬೆರಳನ್ನ ಹೆಬ್ಬೆರಳು ಅದುಮಿ ಹಿಡಿದಿರತ್ತೆ. ಆ ಮೂರು ಬೆರಳು ಪ್ರತಿಜ್ಞೆಯ ಮೂರು ಮಾತಿಗೆ, ಅಂದ್ರೆ ದೇವರು ಮತ್ತು ದೇಶಕ್ಕೆ ಕರ್ತವ್ಯ, ಬೇರೆಯವರಿಗೆ ಸಹಾಯ, ಗೈಡ್ ನಿಯಮ ಪಾಲಿಸೋದು. ಪ್ರತಿಜ್ಞೆಯನ್ನ ಪೂರ್ತಿ ಬರ್ದು ಸೆಲ್ಯೂಟನ್ನ ತಪ್ಪು ಬರ್ದಿದ್ದಕ್ಕೆ ಬೇಜಾರಾಯ್ತು.

ನಾಲ್ಕನೇ ಪುಟದ ಒಂದು ಮಾತು ಮಾತ್ರ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. "ದಾಹಿನೆ ದೇಖ್ ಅಂದ ಕೂಡಲೇ ನಾವೆಲ್ಲರೂ ಅತಿಥಿಗಳತ್ತ ಮುಖ ತಿರುಗಿಸಿದೆವು" ಅಂತ ಇದೆ, ಬಲಕ್ಕೆ ನೋಡಿ ಅನ್ನೋ ಆಜ್ಞೆ ಅದು. ಆದ್ರೆ ಅದಕ್ಕಿಂತ ಮುಂಚೆ ನಿಮ್ಮನ್ನ ಬಲತುದಿಗೆ ನಿಲ್ಲಿಸಿದ್ರು ಅಂತ ನೀವೇ ಹೇಳಿದೀರ. ಹಾಗಿದ್ರೆ ನೀವು ತಿರುಗಿಲ್ಲ. ಬಲತುದಿಯವರು ಕುತ್ತಿಗೆ ತಿರುಗಿಸಂಗಿಲ್ಲ, ನೇರ ನೋಡ್ಕೊಂಡೇ ಹೋಗ್ಬೇಕು, ಅವ್ರೂ ತಿರುಗಿದ್ರೆ ಇಡೀ ಸಾಲು ಸೊಟ್ಟ ಆಗತ್ತೆ. ಅಂದ್ರೆ ಎರಡು ತಿಂಗಳು ಬಿಸಿಲಲ್ಲಿ ಯಾರಿಗೋಸ್ಕರ ಪ್ರಾಕ್ಟೀಸ್ ಮಾಡಿದ್ರೋ ಆ ಅತಿಥಿ ಮುಖಾನೇ ನೀವು ನೋಡಿಲ್ಲ, ಅತಿಥಿಗೆ ಹತ್ತಿರ ಇದ್ದೋರೂ ನೀವೇ! ಆ ಹೊತ್ತಲ್ಲಿ ನಿಮ್ಮ ಕಣ್ಣಿಗೆ ಏನು ಕಾಣ್ತಿತ್ತು, ಧ್ವಜದ ಕಂಬಾನಾ, ಕಾಂಪೌಂಡ್ ಗೋಡೆನಾ, ಮುಂದಿನ ಹುಡುಗಿ ಜಡೆ ರಿಬ್ಬನ್ನಾ? ಅದನ್ನ ಬರೀರಿ. "ನಾವೆಲ್ಲರೂ" ಅಂತ ಬರ್ದು ನಿಮ್ಮನ್ನೇ ನೀವು ಅಳಿಸಿಹಾಕಿದೀರ.

ಪ್ರತಿಜ್ಞೆ ದಿನದ್ದೂ ಹಂಗೇ ಆಗಿದೆ. ಎಲ್ಲರೂ ಕುದುರೆ ಲಾಳದ ಆಕಾರದಲ್ಲಿ ನಿಂತಿದ್ದು, ಗೈಡ್ಸ್ ತಂಡ ನಡೆಸೋ ಕ್ಯಾಪ್ಟನ್ ಸ್ಕಾರ್ಫ್ ಹಾಕಿ ಎಡಗೈ ಕುಲುಕಿದ್ದು, ಇದೆಲ್ಲ ಸರಿಯಾಗಿದೆ, ಇರ್ಲಿ. ಆದ್ರೆ ನಡುವೆ ಒಂದು ಸಾಲಿದೆ: "ನಾನು ಕಟ್ಟಿದ ಧ್ವಜ ತಕ್ಷಣ ಬಿಚ್ಚಿಕೊಳ್ಳಲಿಲ್ಲ, ನಂತರ ಸರಿಹೋಯಿತು." ಇಷ್ಟೇನಾ? ಧ್ವಜ ಕಟ್ಟೋದು ಸುಲಭ ಅಲ್ಲ ಅಂತ ಓದೋರಿಗೆ ಗೊತ್ತಿರಲ್ಲ, ಅದನ್ನ ಮಡಿಚಿ ಸುರುಳಿ ಸುತ್ತಿ, ಹೂವಿನ ಪಕಳೆ ಒಳಗಿಟ್ಟು, ಹಗ್ಗದ ಒಂದು ಕುಣಿಕೆ ಮಾತ್ರ ತೂರಿಸಿ ಬಿಡ್ಬೇಕು, ಕುಣಿಕೆ ಸಡಿಲ ಆದ್ರೆ ಮೇಲೇರೋ ದಾರೀಲೇ ಬಿಚ್ಕೊಳತ್ತೆ, ಬಿಗಿ ಆದ್ರೆ ಎಷ್ಟು ಜಗ್ಗಿದ್ರೂ ಬಿಚ್ಚಲ್ಲ. ನಿಮ್ಮದು ಬಿಗಿ ಆಗಿತ್ತು. ಎಲ್ಲರೂ ಸಾವಧಾನಲ್ಲಿ ನಿಂತಿದಾರೆ, ಧ್ವಜ ಬಿಚ್ಚೋ ತನಕ ಸೆಲ್ಯೂಟಿಲ್ಲ, ಧ್ವಜಗೀತೆ ಇಲ್ಲ, ಹಗ್ಗ ನಿಮ್ಮ ಕೈಯಲ್ಲಿದೆ. ಆ "ನಂತರ" ಅನ್ನೋ ಪದದೊಳಗೆ ಎಷ್ಟು ಸಲ ಜಗ್ಗಿದ್ರಿ, ಯಾರಾದ್ರೂ ಬಂದ್ರಾ, ಪಕಳೆ ಬಿತ್ತಾ? ನಂಗೆ ಒಂದು ಪುಟ ಬೇಕು ಅದು.

ಕೊನೇ ಪುಟದ "ಇಂದಿನ ಯುವಪೀಳಿಗೆ" ಪ್ಯಾರಾ ಪೂರ್ತಿ ತೆಗೀರಿ. ಭಾಷೆನೂ ಮೂರನೇ ಪುಟದ್ದೇ ಇಡೀ ಲೇಖನಕ್ಕೆ ಬರ್ಲಿ, ನೀವು ಮಾತಾಡೋ ಹಾಗೆ. ನಾಲ್ಕು ಪುಟ ಆದ್ರೆ ಸಾಕು, ಆತುರ ಇಲ್ಲ, ನಾನು ಕಾಯ್ತೀನಿ.

ಮತ್ತೆ ಆ ಶೂ ಯಾರದ್ದು ಅಂತ ಎಲ್ಲೂ ಹೇಳೇ ಇಲ್ವಲ್ಲ ನೀವು. ಅಕ್ಕಂದಾ?